ಖಾಲಿ ಮನೆಗೆ ದಂಡ

ನನ್ನ ಮದುವೆಗೆ ಇನ್ನು ಆರೇ ದಿನ ಇದೆ ಎನ್ನುವಾಗ ನಮ್ಮ ಮನೆಯ ತಾರಸಿಯ ಮೇಲೆ ಒಂದು ಕೋತಿ ಸತ್ತಿತು. ಅಪ್ಪ ಅದನ್ನು ನೋಡಿ ಕೆಳಗಿಳಿದು ಬಂದು, ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ನಡುಮನೆಯಲ್ಲಿ ನಿಂತು, "ಹತ್ತು ದಿನ ಸೂತಕ. ಶುಕ್ರವಾರದ ಮದುವೆ ನಡೆಯೋ ಹಾಗಿಲ್ಲ" ಎಂದರು.

ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಇಪ್ಪತ್ತೆಂಟನೇ ವಯಸ್ಸಿಗೆ ಗೊತ್ತಾದ ಮದುವೆ ಕೋತಿಯ ದೆಸೆಯಿಂದ ತಪ್ಪಿಹೋಗುವ ಸಂಕಟ ಅವರಿಗೇನು ಗೊತ್ತು?

ಅಪ್ಪನ ವಿಷಯ ಮೊದಲು ಹೇಳಬೇಕು. ಅವರ ಹೆಸರು ಸೇತುರಾಮ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಮೂವತ್ತೊಂದು ವರ್ಷ ಅಂಗಡಿಯಿಂದ ಅಂಗಡಿಗೆ ಅಲೆದು, ತಕ್ಕಡಿ ಎತ್ತಿ ನೋಡಿ, ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿದವರು. ನಿವೃತ್ತಿಯಾಗಿ ಐದು ವರ್ಷವಾದರೂ, ರಾಜಾಜಿನಗರದ ನಮ್ಮ ಬ್ಲಾಕಿನ ದಿನಸಿ ಅಂಗಡಿಯವರು ಅಪ್ಪ ರಸ್ತೆಯ ತುದಿಯಲ್ಲಿ ಕಂಡರೆ ತಕ್ಕಡಿಯ ತಟ್ಟೆ ಕೆಳಗೆ ಅಂಟಿಸಿದ ಹುಣಸೆಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಳೆದು ಪರೀಕ್ಷಿಸಿದ್ದನ್ನು ಅಪ್ಪ ದೇವರ ಮಾತಿನಂತೆ ನಂಬುತ್ತಿದ್ದರು. ಅಳೆಯದ್ದನ್ನು ದೇವರೇ ಹೇಳಿದರೂ ನಂಬುತ್ತಿರಲಿಲ್ಲ.

ಅಣ್ಣ ನಾಣಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಉಪನ್ಯಾಸಕ. ಅದು ಎಪ್ಪತ್ತನಾಲ್ಕನೇ ಇಸವಿ; ಅವನು ಪಿಎಚ್‌ಡಿ ಎಂಬ ಹಗ್ಗಕ್ಕೆ ಕುತ್ತಿಗೆ ಕೊಟ್ಟು ನಾಲ್ಕು ವರ್ಷವಾಗಿತ್ತು. ಅವನ ವಿಷಯ ಹೀಗೆ: ಉಸಿರಾಡುವ ಜೀವಿಗಳೆಲ್ಲದರ ಒಳಗೂ ಒಂದು ಪ್ರೋಟೀನು ಇದೆಯಂತೆ. ಬಿಡಿಸಿ ನೋಡಿದರೆ ಅದು ಮನುಷ್ಯನಲ್ಲಿ ನೂರನಾಲ್ಕು ಮಣಿಗಳ ಸರ, ಮಣಿಗೊಂದು ಅಕ್ಷರ. ಡಿಎನ್‌ಎಯಲ್ಲಿ ಬರೆದಿಟ್ಟದ್ದೇ ಇಲ್ಲಿ ಸರವಾಗಿ ಬರುತ್ತದೆ. ಡಿಎನ್‌ಎಯನ್ನೇ ನೇರವಾಗಿ ಓದುವ ವಿದ್ಯೆ ಆಗಿನ್ನೂ ಅಂಬೆಗಾಲಿಡುತ್ತಿತ್ತು. ಮನುಷ್ಯನ ಸರದ ಕೆಳಗೆ ಕುದುರೆಯ ಸರ ಬರೆದು, ಎಷ್ಟು ಮಣಿ ಬೇರೆ ಎಂದು ಎಣಿಸಿದರೆ ಇಬ್ಬರೂ ಎಷ್ಟು ದೂರದ ನೆಂಟರು ಎಂದು ತಿಳಿಯುತ್ತದೆ. ವ್ಯತ್ಯಾಸ ಕಡಿಮೆಯಾದಷ್ಟೂ ನೆಂಟಸ್ತನ ಹತ್ತಿರ.

ಕೇಳುವುದಕ್ಕೆ ಸುಲಭ. ಆದರೆ ಎಲ್ಲರ ಸರವೂ ಒಂದೇ ಉದ್ದ ಇರುವುದಿಲ್ಲ. ಗೋಧಿಯ ಸರಕ್ಕೆ ಮುಂದುಗಡೆ ಎಂಟು ಮಣಿ ಹೆಚ್ಚು. ಹಾಗೇ ಒಂದರ ಕೆಳಗೊಂದು ಬರೆದರೆ ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಆಗ ಒಂದು ಸಾಲಿನಲ್ಲಿ ಕೆಲವು ಮನೆ ಖಾಲಿ ಬಿಟ್ಟು, ಉಳಿದದ್ದನ್ನು ಪಕ್ಕಕ್ಕೆ ಸರಿಸಬೇಕು. ಸರಿಸಿದ ಕೂಡಲೇ ಮುಂದಿನದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ. ಆದರೆ ಖಾಲಿ ಬಿಟ್ಟ ಪ್ರತಿ ಮನೆಗೂ ದಂಡ ಹಾಕಬೇಕು. ದಂಡವೇ ಇಲ್ಲದಿದ್ದರೆ ಕಂಡಕಂಡಲ್ಲಿ ಖಾಲಿ ಬಿಟ್ಟು ಯಾರನ್ನು ಬೇಕಾದರೂ ಯಾರ ನೆಂಟನನ್ನಾಗಿಯೂ ಮಾಡಿಬಿಡಬಹುದು.

ಎಲ್ಲಿ ಖಾಲಿ ಬಿಟ್ಟರೆ ಲಾಭ ಎಂದು ಕಂಡುಹಿಡಿಯಲು ಗ್ರಾಫ್ ಹಾಳೆಗಳನ್ನು ಅಂಟಿಸಿ, ಅಡ್ಡಕ್ಕೆ ಮನುಷ್ಯನನ್ನೂ ಉದ್ದಕ್ಕೆ ಕುದುರೆಯನ್ನೂ ಬರೆದು, ನಡುವಿನ ಹತ್ತು ಸಾವಿರದ ಎಂಟುನೂರ ಹದಿನಾರು ಮನೆಗಳನ್ನು ಒಂದೊಂದಾಗಿ ತುಂಬಬೇಕು. ಕಂಪ್ಯೂಟರಿನಲ್ಲಿ ಇದು ನಿಮಿಷಗಳ ಕೆಲಸವಂತೆ. ಅಣ್ಣನಿಗೆ ಕಂಪ್ಯೂಟರಿನ ಸರದಿ ಸಿಗುವುದು ತಿಂಗಳಿಗೊಮ್ಮೆ. ಸಿಕ್ಕಾಗ ಅವನು ಕಂಪ್ಯೂಟರಿಗೆ ಉಣಿಸುವ ತೂತು ಕೊರೆದ ಕಾರ್ಡುಗಳ ಕಟ್ಟನ್ನು ಬಸ್ಸಿನಲ್ಲಿ ಬೀಳಿಸಿಕೊಂಡು ಬರುತ್ತಿದ್ದ. ಆದ್ದರಿಂದ ಕಂಪ್ಯೂಟರು ನಾನೇ ಆದೆ. ಇಂಡಸ್ಟ್ರಿಯಲ್ ಎಸ್ಟೇಟಿನ ಕಂಪನಿಯೊಂದರಲ್ಲಿ ಹಗಲು ಟೈಪು ಕುಟ್ಟಿ ಬಂದು, ಸಂಜೆ ನಡುಮನೆಯ ಮೂಲೆಯ ಮೇಜಿನಲ್ಲಿ ಕೂತು, ಒಂದೂವರೆ ವರ್ಷ ಮನೆ ತುಂಬಿದೆ. ಎದುರು ಕುರ್ಚಿಯಲ್ಲಿ ಅಪ್ಪ ಪೆನ್ಸಿಲು ಹೆರೆದು ಕೊಡುತ್ತಿದ್ದರು.

ಬರೀ ಹೆರೆದು ಕೊಟ್ಟಿದ್ದರೆ ಚಿಂತೆ ಇರಲಿಲ್ಲ. ತಪಾಸಣೆಯನ್ನೂ ಮಾಡುತ್ತಿದ್ದರು.

"ಈ ದಂಡ ಎಷ್ಟು ಅಂತ ಯಾರು ನಿಗದಿ ಮಾಡ್ತಾರೋ?" ಎಂದು ಒಮ್ಮೆ ಅಣ್ಣನನ್ನು ಕೇಳಿದರು.

"ನಾವೇ ಅಪ್ಪ. ಅನುಭವದ ಮೇಲೆ ಒಂದು ಸಂಖ್ಯೆ ಇಟ್ಕೊಳ್ಳೋದು."

"ಅಂದ್ರೆ ಮುದ್ರೆ ಇಲ್ಲದ ತೂಕದ ಕಲ್ಲು" ಎಂದು ಅಪ್ಪ ಮುಖ ಸಿಂಡರಿಸಿದ್ದರು.

ಆದರೂ ಕೊನೆಗೆ, ಆಮೆಯೊಂದನ್ನು ಬಿಟ್ಟು, ಕೋಷ್ಟಕ ಸಿದ್ಧವಾದಾಗ ಅಡಿಕೋಲು ಹಿಡಿದು ಸಾಲು ಸಾಲಾಗಿ ತಾವೇ ಎಣಿಸಿ ನೋಡಿದರು. ಮನುಷ್ಯನಿಂದ ಮೊಲಕ್ಕೆ ಒಂಬತ್ತು, ಹಸುವಿಗೆ ಹತ್ತು, ಕುದುರೆಗೆ ಹನ್ನೆರಡು, ಕೋಳಿಗೆ ಹದಿಮೂರು. ಹೆಸರುಕಾಳಿಗೆ ನಲವತ್ತಕ್ಕೂ ಮೇಲೆ. ಹಸುವಿಗೂ ಹಂದಿಗೂ ವ್ಯತ್ಯಾಸ ಸೊನ್ನೆ ಎಂಬ ಸಾಲಿನ ಮೇಲೆ ಅಣ್ಣ ಹೆಬ್ಬೆರಳು ಇಟ್ಟುಕೊಂಡೇ ಕೂತಿದ್ದ. ಮನುಷ್ಯನಿಂದ ಕೋತಿಗೆ ಒಂದು. ನೂರನಾಲ್ಕರಲ್ಲಿ ಐವತ್ತೆಂಟನೇ ಮನೆಯಲ್ಲಿ ಮಾತ್ರ ಬೇರೆ ಅಕ್ಷರ, ಮಿಕ್ಕಿದ್ದೆಲ್ಲ ಅಚ್ಚು ಹಾಕಿದಂತೆ ಒಂದೇ. ಅಪ್ಪ ಅದನ್ನು ಮೂರು ಸಲ ಎಣಿಸಿದರು. ಆಮೇಲೆ ಹಾಳೆಯ ಕೆಳಗೆ "ಪರಿಶೀಲಿಸಿದೆ, ಸರಿಯಿದೆ" ಎಂದು ಬರೆದು ಸಹಿ ಹಾಕಿದರು. ನಮ್ಮ ಗ್ರಹಚಾರ ಆ ಸಹಿಯಲ್ಲಿತ್ತು.

ಅದೇ ವಾರ ಶ್ಯಾಮಸುಂದರ ನನ್ನನ್ನು ನೋಡಲು ಬಂದದ್ದು. ಅದಕ್ಕೆ ಮೊದಲು ಹನ್ನೊಂದು ಜನ ನೋಡಿ ಹೋಗಿದ್ದರು. ಹಾಡಲು ಬರುತ್ತದಾ, ಹೋಳಿಗೆ ಬರುತ್ತದಾ ಎಂದು ಕೇಳಿದ್ದರು. ವಿಜಯನಗರದ ಈ ಹುಡುಗ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮೂಲೆಯ ಮೇಜಿನ ಹತ್ತಿರ ಹೋಗಿ, ಗ್ರಾಫ್ ಹಾಳೆ ನೋಡಿ, "ಇದನ್ನ ಹೇಗೆ ತುಂಬೋದು?" ಎಂದ. ಹೇಳಿಕೊಟ್ಟೆ. ನಾಲ್ಕು ಮನೆ ತುಂಬಿದ. ಮೂರು ಸರಿ, ಒಂದು ತಪ್ಪು. ತಪ್ಪಾದದ್ದನ್ನು ತಾನೇ ಕಂಡುಹಿಡಿದು, ನಾಚಿಕೊಂಡು ಅಳಿಸಿದ. ಇವನನ್ನೇ ಮದುವೆಯಾಗಬೇಕು ಎಂದು ನನಗೆ ಆಗಲೇ ಅನ್ನಿಸಿಬಿಟ್ಟಿತು.

ಅವನ ಮನೆಯವರಿಗೆ ಅವಸರವಿತ್ತು. ಅವನ ಅಜ್ಜಿ ಅಕ್ಕಯ್ಯಮ್ಮನವರಿಗೆ ತೊಂಬತ್ತೊಂದು. ಇಂದೋ ನಾಳೆಯೋ ಎಂದು ಡಾಕ್ಟರು ಹೇಳಿದ್ದರು. ಅವರು ಹೋದರೆ ಮನೆಯಲ್ಲಿ ಒಂದು ವರ್ಷ ಶುಭಕಾರ್ಯ ಇಲ್ಲ. ಜ್ಯೇಷ್ಠದ ಕೊನೆಯ ಮುಹೂರ್ತ ಆ ಶುಕ್ರವಾರ. ಅದು ತಪ್ಪಿದರೆ ಆಷಾಢ. ಆಷಾಢ ದಾಟುವವರೆಗೆ ಅಜ್ಜಿ ಇರುತ್ತಾರೆ ಎಂಬ ಭರವಸೆ ಅಜ್ಜಿಗೇ ಇರಲಿಲ್ಲ. ಶುಕ್ರವಾರ ತಪ್ಪಿದರೆ ಶ್ಯಾಮಸುಂದರ ತಪ್ಪಿದ ಎಂದು ಎಲ್ಲರಿಗೂ ಗೊತ್ತಿತ್ತು. ಹೀಗಿರುವಾಗ ಶನಿವಾರ ಬೆಳಿಗ್ಗೆ ಕೋತಿ ಸತ್ತಿತು.

ಎಡಗಿವಿ ಹರಿದ ಹೆಣ್ಣು ಕೋತಿ ಅದು. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ತಾರಸಿಗೆ ಬಂದು ಅಪ್ಪನ ಕೈಯಿಂದ ಬಾಳೆಹಣ್ಣು ತಿಂದು ಹೋಗುತ್ತಿತ್ತು. ಅಪ್ಪ ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ. "ಹೆಸರಿಟ್ರೆ ಸಾಕಿದ ಹಾಗಾಗತ್ತೆ. ನಾನು ಸಾಕಿಲ್ಲ, ಅವಳು ಬರ್ತಾಳೆ" ಎನ್ನುತ್ತಿದ್ದರು. ವಯಸ್ಸಾಗಿತ್ತು. ನೀರಿನ ತೊಟ್ಟಿಯ ನೆರಳಿನಲ್ಲಿ ಮಲಗಿದ ಹಾಗೇ ಹೋಗಿಬಿಟ್ಟಿತ್ತು.

ಮೊದಲು ಬಂದವನು ಹಾಲು ತರುವ ಮುನಿಯಣ್ಣ. ಕುರುಬರಹಳ್ಳಿಯವನು. ಅವನಿಗೆ ಯಾವ ಗೊಂದಲವೂ ಇರಲಿಲ್ಲ. "ಹನುಮಪ್ಪ ನಿಮ್ಮನೆ ಮ್ಯಾಗೇ ಪ್ರಾಣ ಬಿಟ್ಟವ್ನೆ ಅಂದ್ರೆ ಪುಣ್ಯ ಮಾಡಿದ್ರಿ ಸಾಮಿ" ಎಂದು ಕೈಮುಗಿದ. ಹನುಮಪ್ಪನಲ್ಲ, ಹೆಣ್ಣು ಎಂದು ಅತ್ತಿಗೆ ಅಲಮೇಲು ಹೇಳಿದಳು. "ಹೆಣ್ಣಾದ್ರೇನಕ್ಕಾ, ಅವ್ನ ವಂಶ ತಾನೆ" ಎಂದು ಮುನಿಯಣ್ಣ ಊರಿನವರನ್ನು ಕರೆದುತಂದು, ಅರಿಶಿನ ಕುಂಕುಮ ಹಚ್ಚಿ, ತಮಟೆ ಬಡಿಸಿಕೊಂಡು ಹೋಗಿ ಮಣ್ಣು ಮಾಡಿ, ಹನ್ನೆರಡು ಗಂಟೆಗೆಲ್ಲ ಮುಗಿಸಿ, ಸಂಜೆಯ ಹಾಲಿಗೆ ವಾಪಸು ಬಂದ. ಅಳುವುದು, ಹೂಳುವುದು, ಮುಗಿಸುವುದು. ನಮ್ಮ ಮನೆಯವರಿಗೆ ಯಾವುದನ್ನಾದರೂ ಅಷ್ಟು ಸಲೀಸಾಗಿ ಮುಗಿಸಿ ಗೊತ್ತಿಲ್ಲ.

ಅಪ್ಪನ ವಾದ ಹೀಗಿತ್ತು. ಸೂತಕ ಎನ್ನುವುದೂ ಒಂದು ಅಳತೆಯೇ. ಏಳು ತಲೆಮಾರಿನ ಒಳಗಿನ ದಾಯಾದಿ ಸತ್ತರೆ ಹತ್ತು ದಿನ. ಹದಿನಾಲ್ಕರ ಒಳಗಾದರೆ ಮೂರು ದಿನ. ಅದಕ್ಕೂ ಆಚೆ ಬರೀ ಸ್ನಾನ. ನೆಂಟಸ್ತನ ಹತ್ತಿರವಾದಷ್ಟೂ ದಿನ ಹೆಚ್ಚು. ಹಾಗಿದ್ದ ಮೇಲೆ ಒಂದೇ ವ್ಯತ್ಯಾಸ ಇರುವವಳು ಏಳರೊಳಗೆ ಬಂದಳೋ ಇಲ್ಲವೋ?

"ಅಪ್ಪ, ಅದು ತಲೆಮಾರು, ಇದು ಅಕ್ಷರ. ಎರಡನ್ನೂ ಒಂದೇ ತಕ್ಕಡೀಲಿ ತೂಗ್ತಾರಾ?" ಎಂದು ಅಣ್ಣ ಬೇಡಿಕೊಂಡ.

"ಸೇರಿನಿಂದ ಕಿಲೋಗೆ ಬಂದಾಗಲೂ ಜನ ಹೀಗೇ ಅಂದ್ರು. ತೂಕ ಬದಲಾಯ್ತಾ? ಅಕ್ಕಿ ಅದೇ ತಾನೆ?"

"ಅದೂ ಅಲ್ಲದೆ ನನ್ನ ಕೋಷ್ಟಕದಲ್ಲಿರೋದು ಉತ್ತರ ಭಾರತದ ಕೋತಿ ಅಪ್ಪ. ನಮ್ಮ ತಾರಸಿ ಕೋತಿ ಬೇರೆ ಜಾತಿ."

"ನಿಮ್ಮ ದೊಡ್ಡಪ್ಪ ಕಾಶೀಲಿ ತೀರಿಕೊಂಡಾಗ ಉತ್ತರದೋನು ಅಂತ ಸೂತಕ ಬಿಟ್ವಾ?"

ಪುರೋಹಿತರನ್ನು ಕರೆಸಿದೆವು. ಅವರು ಪಂಚಾಂಗ ಬಗಲಲ್ಲಿ ಇಟ್ಟುಕೊಂಡು ಬಂದು, ಎಲ್ಲ ಕೇಳಿ, "ಶಾಸ್ತ್ರದಲ್ಲಿ ಕೋತಿ ಇಲ್ಲ ಸ್ವಾಮಿ" ಎಂದರು.

"ಕೋತಿ ಬೇಡ ಅಂತ ಎಲ್ಲಿದೆ, ತೋರಿಸಿ" ಎಂದರು ಅಪ್ಪ.

ಪುರೋಹಿತರು ಹಣೆ ಒತ್ತಿಕೊಂಡರು. ನಾಂದಿ ಆಗಿಬಿಟ್ಟಿದ್ದರೆ ಆಮೇಲೆ ಯಾರು ಸತ್ತರೂ ಮದುವೆಗೆ ಅಡ್ಡಿಯಿಲ್ಲ, ಆದರೆ ನಾಂದಿ ಇಟ್ಟಿರುವುದು ನಾಳೆ ಭಾನುವಾರ ಎಂದು ಪೇಚಾಡಿದರು. ಕೋತಿ ಒಂದು ದಿನ ತಡೆದಿದ್ದರೆ! ಆಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. ಸತ್ತದ್ದು ಹೆಣ್ಣು, ಮದುವೆಯಾದ ಹೆಣ್ಣು ಬೇರೆ ಗೋತ್ರಕ್ಕೆ ಸೇರಿದವಳು, ಹಾಗಾದರೆ ಮೂರೇ ದಿನ, ಸೋಮವಾರಕ್ಕೆ ಮುಗಿಯಿತು.

"ಮದುವೆ ಆಗಿತ್ತು ಅನ್ನೋದಕ್ಕೆ ಸಾಕ್ಷಿ?" ಎಂದರು ಅಪ್ಪ.

ಹಾಲು ಅಳೆಯುತ್ತಿದ್ದ ಮುನಿಯಣ್ಣ ಬಾಗಿಲಿನಿಂದಲೇ, "ಕುರುಬರಹಳ್ಳಿ ಹುಣಸೇಮರದಾಗೆ ಒಂದು ಗಡವ ಅವ್ನೆ ಸಾಮಿ. ಅವ್ನ ಜತೇಲೇ ಇದ್ಲು ಭಾಳ ದಿನ" ಎಂದು ಸಾಕ್ಷಿ ನುಡಿದ.

"ಜೊತೇಲಿದ್ದ ಮಾತ್ರಕ್ಕೆ ಮದುವೆ ಆಗತ್ತೇನಯ್ಯಾ?" ಎಂದು ಅಪ್ಪ ಗದರಿದರು. ಪುರೋಹಿತರಿಗೂ ಹೌದೆನ್ನಿಸಿತು. ಅವರು ಶುಕ್ರವಾರದ ಮಟ್ಟಿಗೆ ಬೇರೆ ಮನೆಯ ಗೃಹಪ್ರವೇಶವೊಂದಕ್ಕೆ ಕೇಳಿದ್ದಾರೆ ಎಂದು ಗೊಣಗಿಕೊಂಡು ಎದ್ದು ಹೋದರು.

ಭಾನುವಾರ ಮನೆಯಲ್ಲಿ ಸೂತಕದ, ಒಗ್ಗರಣೆ ಇಲ್ಲದ ಸಾರು. ದೇವರ ಕೋಣೆಯ ಬಾಗಿಲು ಮುಚ್ಚಿತ್ತು. ಅಪ್ಪ ಹಜಾರದಲ್ಲಿ ಚಾಪೆ ಹಾಸಿಕೊಂಡು, ಗಡ್ಡ ಬಿಟ್ಟುಕೊಂಡು ಕೂತರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಒಂದೂವರೆ ವರ್ಷ ಕೂತು ಆ ಒಂದನ್ನು ಲೆಕ್ಕ ಹಾಕಿದವಳು ನಾನು. ಐವತ್ತೆಂಟನೇ ಮನೆಯನ್ನು ಭರ್ತಿ ಮಾಡಿದ್ದು ಈ ಕೈ. ಊರ ಮಾರಿಯನ್ನು ನಾನೇ ಮನೆಗೆ ಕರೆದಿದ್ದೆ.

ಸೋಮವಾರ ಬೆಳಿಗ್ಗೆ ಬೀಗರು ಪುರುಷೋತ್ತಮ, ಅಂದರೆ ಶ್ಯಾಮಸುಂದರನ ತಂದೆ, ವಿಜಯನಗರದಿಂದ ಬಂದರು. ಸೂತಕದ ಮನೆಯೆಂದು ಗೇಟಿನ ಆಚೆಯೇ ನಿಂತರು.

"ಒಳಗೆ ಬನ್ನಿ, ಪರವಾಗಿಲ್ಲ. ನಿಮಗೂ ಸೂತಕವೇ" ಎಂದರು ಅಪ್ಪ.

"ನಮಗ್ಯಾಕ್ರಿ?"

"ನಿಮಗೂ ಅವಳಿಗೂ ಒಂದೇ ವ್ಯತ್ಯಾಸ. ಮನುಷ್ಯರಿಗೆಲ್ಲ ಅಷ್ಟೇ. ಬೇರೆಯವರು ತಿಳೀದೆ ಓಡಾಡ್ತಾ ಇದಾರೆ, ಅದು ಅವರ ಪಾಪ. ನಿಮಗೆ ತಿಳಿಸೋದು ನನ್ನ ಧರ್ಮ."

ಪುರುಷೋತ್ತಮರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಜಗಳವಾಡಲಿಲ್ಲ. ಒಳಗೆ ಬಂದು, ಟೋಪಿ ತೆಗೆದಿಟ್ಟು, ಕೋಷ್ಟಕ ತರಿಸಿಕೊಂಡು, ಕನ್ನಡಕ ಏರಿಸಿ, ಮೇಲಿನಿಂದ ಕೆಳಗೆ ಓದತೊಡಗಿದರು. ಅವರ ಬೆರಳು ಮೊದಲ ಸಾಲಿನಲ್ಲೇ ನಿಂತುಬಿಟ್ಟಿತು.

"ಸೇತುರಾಮಯ್ಯನವರೇ, ಮನುಷ್ಯನಿಂದ ಮನುಷ್ಯನಿಗೆ ಎಷ್ಟು?"

"ಸೊನ್ನೆ" ಎಂದ ಅಣ್ಣ, ಅಭ್ಯಾಸಬಲದಿಂದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಅಂದ್ರೆ ನಿಮ್ಮ ಮಗಳಿಗೂ ನನ್ನ ಮಗನಿಗೂ ಸೊನ್ನೆ. ಒಂದಕ್ಕೇ ಸೂತಕ ಹಿಡಿಯೋ ಅಷ್ಟು ಹತ್ತಿರ ಅಂದ್ಮೇಲೆ ಸೊನ್ನೆಗೆ ಏನನ್ಬೇಕು? ಒಡಹುಟ್ಟಿದವರು ಅಂತಲೇ ತಾನೆ?"

ಅವರು ಅಪ್ಪನನ್ನು ಮಾತಿನಲ್ಲಿ ಕಟ್ಟಿಹಾಕಿ ಬಗ್ಗಿಸಲು ಹಾಗೆಂದದ್ದು. ಅಪ್ಪ ಬಗ್ಗುವ ಗಿರಾಕಿಯಲ್ಲ ಎಂದು ಅವರಿಗೇನು ಗೊತ್ತು, ಪಾಪ. ಅಪ್ಪನ ಮುಖ ಬಿಳಿಚಿಕೊಂಡಿತು. ಕೋಷ್ಟಕ ಕಸಿದುಕೊಂಡು ತಾವೇ ನೋಡಿದರು. ಕೆಳಗೆ ಅವರದೇ ಸಹಿ.

"ಹೌದು. ಮದುವೆ ಮುಂದಕ್ಕೆ ಹಾಕೋದಲ್ಲ. ಮದುವೆ ಮಾಡೋ ಹಾಗೇ ಇಲ್ಲ" ಎಂದರು ಮೆಲ್ಲಗೆ.

ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ನನಗೆ ಯಾರು ಆಗ್ತಾರೆ ಅಪ್ಪ? ಏಳರಿಂದ ಆಚೆ ಇರಬೇಕು ತಾನೆ? ಮೊಲ ಒಂಬತ್ತು. ಕುದುರೆ ಹನ್ನೆರಡು. ಯಾರ ಮನೆಗೆ ಜಾತಕ ಕಳಿಸ್ತೀರಿ?"

"ಕುದುರೆ ಎತ್ತರ ಆಯ್ತಲ್ವಾ ಸೀತಾ" ಎಂದಳು ಅತ್ತಿಗೆ, ನಿಜಕ್ಕೂ ಯೋಚಿಸುತ್ತಿದ್ದವಳಂತೆ. ಎರಡು ದಿನ ಈ ಮಾತುಗಳನ್ನೇ ಕೇಳಿ ಕೇಳಿ ಅವಳ ತಲೆಯೂ ಕೆಟ್ಟಿತ್ತು.

ಪುರುಷೋತ್ತಮರು ಟೋಪಿ ಹಾಕಿಕೊಂಡರು. ಬುಧವಾರ ಸಂಜೆಯೊಳಗೆ ಒಂದು ಮಾತು ಬರದಿದ್ದರೆ ಛತ್ರ ಬಿಟ್ಟುಕೊಡುವುದಾಗಿ ಹೇಳಿ ಹೊರಟರು. ಗೇಟಿನ ಬಳಿ ತಿರುಗಿ, "ನಮ್ಮಮ್ಮ ನಿನ್ನ ಮದುವೆ ನೋಡ್ಬೇಕು ಅಂತ ಜೀವ ಹಿಡ್ಕೊಂಡಿದಾಳಮ್ಮ" ಎಂದು ನನಗೆ ಹೇಳಿದರು. ಆಗ ಮಾತ್ರ ನನಗೆ ಅಳು ಬಂತು.

ಮಂಗಳವಾರ ಮಧ್ಯಾಹ್ನ ಅಪ್ಪ ಹಜಾರದಲ್ಲಿರಲಿಲ್ಲ. ತಾರಸಿಗೆ ಹೋದೆ. ಬಿಸಿಲಿನಲ್ಲಿ ನೀರಿನ ತೊಟ್ಟಿಗೆ ಒರಗಿ ಕೂತಿದ್ದರು, ಕೈಯಲ್ಲಿ ಸಿಪ್ಪೆ ಸುಲಿದ ಬಾಳೆಹಣ್ಣು. ಸುಲಿದದ್ದು ಏಕೆಂದು ಅವರಿಗೇ ಗೊತ್ತಿದ್ದಂತಿರಲಿಲ್ಲ.

ಬೈಯಬೇಕೆಂದೇ ಹೋಗಿದ್ದೆ. "ಅಪ್ಪ, ನೀವೂ ಅಮ್ಮನೂ ಸೊನ್ನೆಯೇ ತಾನೆ? ಹಾಗಾದ್ರೆ ನಿಮ್ಮ ಮದುವೇನೂ ತಪ್ಪು. ನಾನೂ ಅಣ್ಣನೂ ಹುಟ್ಟಿದ್ದೂ ತಪ್ಪು. ಅದಕ್ಕೂ ಒಂದು ಸಹಿ ಹಾಕಿಬಿಡಿ."

ಅಪ್ಪ ಕೈಯಲ್ಲಿದ್ದ ಬಾಳೆಹಣ್ಣನ್ನು ತಿರುಗಿಸಿ ನೋಡಿದರು.

"ನಿಮ್ಮಮ್ಮ ಹೋದಾಗ ಹತ್ತು ದಿನ ಸರಿಯಾಗಿ ಕೂತೆ" ಎಂದರು ಆಮೇಲೆ. "ಒಂದು ಗಂಟೆ ಹೆಚ್ಚಿಲ್ಲ, ಒಂದು ಗಂಟೆ ಕಮ್ಮಿ ಇಲ್ಲ. ಕಾರ್ಯ ಎಲ್ಲ ಮುಗಿಸಿ ಹದಿನಾಲ್ಕನೇ ದಿನ ಯಶವಂತಪುರದ ಮಂಡೀಲಿ ತಕ್ಕಡಿ ನೋಡ್ತಾ ಇದ್ದೆ. ಅತ್ತಿರಲಿಲ್ಲ ಕಣಮ್ಮ. ಯಾವಾಗ ಅಳಬೇಕು ಅಂತ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಹತ್ತನೇ ದಿನ ಇಲ್ಲೇ, ಈ ಗೋಡೆ ಮೇಲೆ ಪಿಂಡ ಇಟ್ಟಿದ್ವಿ. ನೆನಪಿದೆಯಾ? ಕಾಗೆ ಮುಟ್ಟಲಿಲ್ಲ. ಎರಡು ಗಂಟೆ ಕಾದ್ವಿ. ಎಲ್ಲರೂ ನನ್ನೇ ನೋಡ್ತಾ ಇದ್ರು, ಅವಳ ಯಾವುದೋ ಆಸೆ ನಾನು ತೀರಿಸಿಲ್ಲ ಅನ್ನೋ ಹಾಗೆ. ಕೊನೆಗೆ ನೀವೆಲ್ಲ ಕೆಳಗಿಳಿದ್ರಿ. ಆಗ ಇವಳು ಬಂದ್ಲು. ಬಂದು, ನನ್ನ ಮುಖ ನೋಡಿ, ಪಿಂಡ ಎತ್ಕೊಂಡು ತಿಂದ್ಲು."

ನನಗೆ ನೆನಪಿತ್ತು. ಅಪ್ಪ ಕೆಳಗೆ ಬಂದು ಕಾಗೆ ಮುಟ್ಟಿತು ಎಂದಿದ್ದರು. ಅವರು ಆಡಿದ ಒಂದೇ ಸುಳ್ಳು ಅದಿರಬೇಕು.

"ಆವತ್ತಿಂದ ದಿನಾ ಬಂದ್ಲು. ಇವಳು ನನಗೆ ಏನಾಗಬೇಕು ಅಂತ ಎಂಟು ವರ್ಷ ಗೊತ್ತಿರಲಿಲ್ಲ. ನೀನು ಅಳೆದು ಕೊಟ್ಟೆ, ಒಂದೇ ವ್ಯತ್ಯಾಸ ಅಂತ. ಈಗ ಇವಳಿಗೂ ಕೂರದೆ ಎದ್ದುಹೋದ್ರೆ ನಾನು ಯಾವ ಸೀಮೆ ಮನುಷ್ಯ?"

ನನ್ನ ಕೋಪವೆಲ್ಲ ಇಳಿದುಹೋಯಿತು. ಮೂರು ದಿನದಿಂದ ನಾವೆಲ್ಲ ಶಾಸ್ತ್ರದ ಜೊತೆ ಗುದ್ದಾಡುತ್ತಿದ್ದೆವು. ಎದುರಿಗೆ ಶಾಸ್ತ್ರ ಇರಲೇ ಇಲ್ಲ. ಅಳುವುದಕ್ಕೆ ಅಪ್ಪಣೆ ಚೀಟಿ ಹುಡುಕುತ್ತಿದ್ದ ಒಬ್ಬ ಮುದುಕ ಇದ್ದ, ಅಷ್ಟೆ.

ಪಕ್ಕದಲ್ಲಿ ಕೂತೆ. "ಹತ್ತು ದಿನ ಕೂತ್ಕೊಳ್ಳಿ ಅಪ್ಪ. ಒಂದು ದಿನಾನೂ ಕಮ್ಮಿ ಬೇಡ. ಆದ್ರೆ ಮಧ್ಯೆ ಒಂದು ಮನೆ ಖಾಲಿ ಬಿಡೋಣ."

"ಏನು?"

ಅವರ ಜೇಬಿನ ಪೆನ್ಸಿಲು ತೆಗೆದುಕೊಂಡು ತಾರಸಿಯ ಗಾರೆಯ ಮೇಲೆ ಎರಡು ಸಾಲು ಎಳೆದೆ. ಮೇಲೆ ವಾರಗಳು, ಕೆಳಗೆ ಸೂತಕದ ದಿನಗಳು. ಶನಿವಾರ ಒಂದು, ಭಾನುವಾರ ಎರಡು, ಹೀಗೆ ಗುರುವಾರಕ್ಕೆ ಆರು. ಶುಕ್ರವಾರದ ಕೆಳಗೆ ಏನೂ ಬರೆಯದೆ ಒಂದು ಗೆರೆ ಎಳೆದೆ. ಶನಿವಾರದ ಕೆಳಗೆ ಏಳು. ಮಂಗಳವಾರಕ್ಕೆ ಹತ್ತು.

"ಹೀಗೆ ಸರಿಸಿದ್ರೆ ಎಲ್ಲ ಹೊಂದತ್ತೆ. ನಾಂದಿ, ಮದುವೆ ಎರಡೂ ಖಾಲಿ ಮನೇಲಿ ಮುಗಿಸೋದು. ಹತ್ತು ಹತ್ತೇ ಇರತ್ತೆ."

ಅಪ್ಪ ಬಗ್ಗಿ ನೋಡಿದರು. ಬೆರಳಿಟ್ಟು ಎಣಿಸಿದರು. ಇನ್ಸ್‌ಪೆಕ್ಟರ ಕಣ್ಣು ಚುರುಕಾದದ್ದು ನನಗೆ ಕಂಡಿತು.

"ಖಾಲಿ ಬಿಟ್ರೆ ದಂಡ ಇದೆ."

"ಇದೆ. ಒಂದು ದಿನ. ಬುಧವಾರವೂ ಕೂತ್ಕೊಳ್ಳಿ."

"ಒಂದೇ?"

"ಒಂದು ಮನೆಗೆ ಒಂದು."

ಒಪ್ಪಿದರು. ದಂಡ ಇಲ್ಲದೆ ಕೇಳಿದ್ದರೆ ಪ್ರಾಣ ಹೋದರೂ ಒಪ್ಪುತ್ತಿರಲಿಲ್ಲ.

"ಆ ಸೊನ್ನೆ?" ಎಂದೆ, ಹೆದರಿಕೊಂಡೇ.

"ಸೊನ್ನೆ ತಪ್ಪು ಅಂದ್ರೆ ನಿಮ್ಮಮ್ಮ ತಪ್ಪಾಗ್ತಾಳೆ. ಅದಾಗಲ್ಲ. ಆ ಸಾಲು ನಾನು ತಪಾಸಣೆ ಮಾಡಿಲ್ಲ ಅಂದ್ಕೋ." ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಅಪ್ಪ ಕಣ್ಣು ಮುಚ್ಚಿ ಬಿಟ್ಟುಕೊಟ್ಟ ಒಂದೇ ತಕ್ಕಡಿ ಅದು. ಬಾಳೆಹಣ್ಣನ್ನು ಗೋಡೆಯ ಮೇಲಿಟ್ಟು, ಮುಖ ಮುಚ್ಚಿಕೊಂಡು ಅತ್ತರು. ನಾನು ಎದ್ದು ಹೋಗಲಿಲ್ಲ.

ಅಣ್ಣ ಆ ಸಂಜೆಯೇ ವಿಜಯನಗರಕ್ಕೆ ಹೋಗಿ ಮಾತು ಮುಟ್ಟಿಸಿದ. ಪುರೋಹಿತರು ಗೃಹಪ್ರವೇಶವನ್ನು ತಮ್ಮನಿಗೆ ಬಿಟ್ಟು ಬಂದರು. ಶುಕ್ರವಾರ ಬೆಳಗಿನ ಜಾವಕ್ಕೆ ಅಪ್ಪ ಗಡ್ಡ ತೆಗೆಸಿ, ಜರಿಪಂಚೆ ಉಟ್ಟು, ನಾಂದಿ ಮುಗಿಸಿ, ಹತ್ತೂಕಾಲಿಗೆ ಧಾರೆ ಎರೆದುಕೊಟ್ಟರು. ಅಕ್ಕಯ್ಯಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ಎರಡು ಹೋಳಿಗೆ ತಿಂದರು. ಇಂದೋ ನಾಳೆಯೋ ಎನ್ನಿಸಿಕೊಂಡಿದ್ದವರು ಆಮೇಲೆ ಏಳು ವರ್ಷ ಬದುಕಿ, ಅದೇ ಡಾಕ್ಟರ ತಿಥಿಗೂ ಹೋಗಿ ಬಂದದ್ದು ಬೇರೆ ಮಾತು. ಊಟಕ್ಕೆ ಹೆಸರುಬೇಳೆ ಕೋಸಂಬರಿ ಬಡಿಸಿದಾಗ ಅಪ್ಪ ಒಂದು ಕ್ಷಣ ಎಲೆ ನೋಡಿ, "ನಲವತ್ತಕ್ಕೂ ಮೇಲೆ, ಪರವಾಗಿಲ್ಲ" ಎಂದು ತಿಂದರು. ಸಂಜೆ ನನ್ನನ್ನು ಕಳಿಸಿಕೊಡುವಾಗ ಅಳಲಿಲ್ಲ. ಗಡಿಯಾರ ನೋಡಿಕೊಂಡು, ಸೂತಕಕ್ಕೆ ಹೊತ್ತಾಯಿತೆಂದು ಮನೆಗೆ ಹೊರಟುಬಿಟ್ಟರು. ನನಗೆ ಸ್ವಲ್ಪ ಬೇಜಾರೇ ಆಯಿತು.

ಮದುವೆಯಾದ ಒಂಬತ್ತನೇ ದಿನ, ಭಾನುವಾರ, ನಾನೂ ಶ್ಯಾಮಸುಂದರನೂ ರಾಜಾಜಿನಗರಕ್ಕೆ ಬಂದೆವು. ಬುಧವಾರಕ್ಕೆ ಎಲ್ಲ ಮುಗಿದು ನಾಲ್ಕು ದಿನವಾಗಿರಬೇಕಿತ್ತು. ನೋಡಿದರೆ ಅಪ್ಪ ಹಜಾರದಲ್ಲಿ ಅದೇ ಚಾಪೆ, ಅದೇ ಗಡ್ಡ. ಅಣ್ಣ ಬಾಗಿಲಲ್ಲಿ ನಿಂತು ಕೈಚೆಲ್ಲಿದ. ಅತ್ತಿಗೆ, "ಒಗ್ಗರಣೆ ಹಾಕಕ್ಕೆ ಇವತ್ತಿಗೂ ಬಿಟ್ಟಿಲ್ಲ ಕಣೇ" ಎಂದು ಪಿಸುಗುಟ್ಟಿದಳು.

"ಏನಪ್ಪ ಇದು? ಇನ್ನೂ ಸೂತಕವಾ?"

"ಸೂತಕ ಮಂಗಳವಾರವೇ ಮುಗೀತು. ಇದು ದಂಡ."

"ದಂಡ ಒಂದೇ ದಿನ ಅಂತ ಮಾತಾಗಿತ್ತಲ್ಲ!"

ಅಪ್ಪ ನಡುಮನೆಯ ಮೂಲೆಯ ಕಡೆ ನೋಡಿದರು. ನನ್ನ ಮೇಜಿನ ಮೇಲೆ ಹೆರೆದ ಪೆನ್ಸಿಲುಗಳು ಸಾಲಾಗಿದ್ದವು. ಒಂದೂ ಮೊಂಡಾಗಿರಲಿಲ್ಲ.

"ಅವಳಿಗೆ ಒಂದು ಸಾಕಾಯ್ತು ಕಣಮ್ಮ. ಆದ್ರೆ ಶುಕ್ರವಾರ ಖಾಲಿ ಆದದ್ದು ಬರೀ ಆ ಒಂದು ಮನೆಯಲ್ಲ. ಬೆಳಿಗ್ಗೆ ಎದ್ದು ಎರಡು ಪೆನ್ಸಿಲು ಹೆರೀತೀನಿ, ನಿನ್ನ ಖಾಲಿ ಕುರ್ಚಿ ನೋಡ್ತೀನಿ. ಅದಕ್ಕೆ ಒಂದು ದಿನ ಅಂತ ಇಟ್ಟೆಯಲ್ಲ, ತೂಕದಲ್ಲಿ ಮೋಸ ಕಣಮ್ಮ ಅದು."

"ಎಷ್ಟು ಇಡ್ಬೇಕಿತ್ತು?"

"ಗೊತ್ತಿಲ್ಲ. ತೂಗ್ತಾ ಇದೀನಿ."

ಬದುಕಿರುವ ಮಗಳಿಗೆ ಹೀಗೆ ಕೂರಬಾರದು ಎಂದು ಬೈಯಬೇಕೆಂದುಕೊಂಡೆ. ಅಷ್ಟರಲ್ಲಿ ಶ್ಯಾಮಸುಂದರ ಚಪ್ಪಲಿ ಬಿಟ್ಟು ಹೋಗಿ ಆ ಕುರ್ಚಿಯಲ್ಲಿ ಕೂತು, ಅರ್ಧಕ್ಕೆ ನಿಂತಿದ್ದ ಆಮೆಯ ಹಾಳೆ ಎಳೆದುಕೊಂಡು ಮನೆ ತುಂಬತೊಡಗಿದ. ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಾಪೆಯಿಂದ ಎದ್ದು ಅವನ ಹಿಂದೆ ಹೋಗಿ ನಿಂತು, "ಮೂರನೇದು ತಪ್ಪು" ಎಂದರು.

ನಾನು ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದದ್ದು ನಡುಮನೆಗೂ ಕೇಳಿಸಿರಬೇಕು. ಅಪ್ಪ ಬೇಡ ಎನ್ನಲಿಲ್ಲ.